ಮೇಲೆ ‘ಕರ್’, ಕೆಳಗೆ ‘ನಾಟಕ’

ಅಖಂಡ ಕರ್ನಾಟಕವನ್ನು ಒಡೆಯಲು ಇನ್ನು ಯಾರೂ ಬಂದ್‌ಗೆ ಕರೆ ಕೊಡಬೇಕಾಗಿಲ್ಲ, ಪ್ರತ್ಯೇಕ ರಾಜ್ಯದ ಬಾವುಟ ಹೊಲಿಸಬೇಕಾಗಿಲ್ಲ. ಮೊಬೈಲಿನ ಪರದೆ ಕೂದಲೆಳೆಯಷ್ಟು ಕಿರಿದಾಗಿದ್ದರೆ ಸಾಕು. ಸಾಲಿನ ಅಂಚಿಗೆ ಬಂದು ನಿಂತ ‘ಕರ್ನಾಟಕ’ವನ್ನು ಆ್ಯಪ್ ಒಮ್ಮೆ ನೋಡುತ್ತದೆ, ಜಾಗ ಸಾಲದು ಅನ್ನುತ್ತದೆ, ‘ಕರ್’ ಅನ್ನು ಮೇಲೆಯೇ ಕೂರಿಸಿ ‘ನಾಟಕ’ವನ್ನು ಕೆಳಗಿನ ಸಾಲಿಗೆ ಇಳಿಸುತ್ತದೆ. 1956ರಲ್ಲಿ ಒಂದಾಗಿ 1973ರಲ್ಲಿ ಹೆಸರು ಪಡೆದ ನಾಡು ಹೀಗೆ ಅರೆಕ್ಷಣದಲ್ಲಿ ಎರಡಾಗುತ್ತದೆ. ಸದನದಲ್ಲಿ ಗದ್ದಲವಿಲ್ಲ, ಆಯೋಗವಿಲ್ಲ, ಗಡಿಕಲ್ಲಿಲ್ಲ. ನಮ್ಮ ರಾಜಕೀಯದ ಬಗ್ಗೆ ಇಷ್ಟು ಚುಟುಕಾದ ವಿಶ್ಲೇಷಣೆಯನ್ನು ಯಾವ ಸಂಪಾದಕೀಯವೂ ಬರೆದಿಲ್ಲ ಎಂಬುದು ಬೇರೆ ಮಾತು.

ಇದನ್ನು ದೋಷ ಎಂದು ಕರೆದರೆ ಆ್ಯಪ್ ಬರೆದವರಿಗೆ ಬೇಜಾರಾಗುತ್ತದೆ. ಅವರ ಪ್ರಕಾರ ಎಲ್ಲವೂ ನಿಯಮದಂತೆಯೇ ನಡೆದಿದೆ. ಸಾಲನ್ನು ಎಲ್ಲಿ ಮುರಿಯಬೇಕು ಎಂದು ಹೇಳಲು ಯುನಿಕೋಡ್‌ನಲ್ಲಿ 14ನೇ ಅನುಬಂಧವಿದೆ. ಓದುವವನಿಗೆ ಒಂದೇ ಅಕ್ಷರವಾಗಿ ಕಾಣುವುದರ ಎಲ್ಲೆ ಯಾವುದು ಎಂದು ಹೇಳಲು 29ನೇ ಅನುಬಂಧವಿದೆ. ಮೊದಲನೆಯದು ಕನ್ನಡದ ವಿಷಯದಲ್ಲಿ ಸಭ್ಯವಾಗಿಯೇ ಇದೆ: ಪದಗಳ ನಡುವಿನ ಖಾಲಿ ಜಾಗದಲ್ಲಿ ಮುರಿ, ಪದದೊಳಗೆ ಕೈ ಹಾಕಬೇಡ. ಆದರೆ ಕನ್ನಡದ ಪದಗಳು ಅಷ್ಟು ಸುಲಭಕ್ಕೆ ಬಗ್ಗುವ ಪೈಕಿಯಲ್ಲ. ವಿಭಕ್ತಿ, ಸಂಧಿ, ಸಹಾಯಕ ಕ್ರಿಯಾಪದ ಎಲ್ಲವನ್ನೂ ಬಾಲಕ್ಕೆ ಕಟ್ಟಿಕೊಂಡು ಬರುತ್ತವೆ. ‘ಮಾಡಿಕೊಡಬೇಕಾಗಿರುವುದರಿಂದ’ ಎಂದು ಸುತ್ತೋಲೆಯಲ್ಲಿ ಒಬ್ಬ ಗುಮಾಸ್ತರು ಬರೆದರೆ, ಆ ಒಂದೇ ಪದ ಅಗ್ಗದ ಫೋನಿನ ಇಡೀ ಸಾಲನ್ನು ನುಂಗಿ ಇನ್ನೂ ಹಸಿದಿರುತ್ತದೆ. ಆಗ ತಂತ್ರಾಂಶ ತುರ್ತುಪರಿಸ್ಥಿತಿ ಘೋಷಿಸುತ್ತದೆ. ಘೋಷಣೆಯಾದ ಮೇಲೆ ಹಕ್ಕುಗಳ ಗತಿ ಏನಾಗುತ್ತದೆಂದು 1975 ಕಂಡವರಿಗೆ ವಿವರಿಸಬೇಕಿಲ್ಲ. ಪದದ ಮಧ್ಯೆ ಕತ್ತರಿ ಆಡತೊಡಗುತ್ತದೆ.

ಕತ್ತರಿ ಆಡಲಿ, ಅದಕ್ಕೆ ನನ್ನ ತಕರಾರಿಲ್ಲ. ಪದವನ್ನು ಮುರಿಯುವುದು ನಮಗೆ ಹೊಸದಲ್ಲ. ಶಾಸನ ಕೆತ್ತಿದವನು ಕಲ್ಲಿನ ಅಂಚು ಬಂದಲ್ಲಿ ಪದವನ್ನು ನಿಲ್ಲಿಸಿ ಉಳಿದದ್ದನ್ನು ಮುಂದಿನ ಸಾಲಿಗೆ ಒಯ್ಯುತ್ತಿದ್ದ. ಅಡ್ಡಗೆರೆಯ ಶಿಷ್ಟಾಚಾರವನ್ನೂ ಅವನು ಇಟ್ಟುಕೊಂಡಿರಲಿಲ್ಲ. ಅಚ್ಚುಕೂಟದಲ್ಲಿ ಮೊಳೆ ಜೋಡಿಸುತ್ತಿದ್ದವರೂ ಅಷ್ಟೇ. ಅವರ ಖಾನೆಯಲ್ಲಿ ಒತ್ತಿನ ಮೊಳೆ ಬೇರೆಯೇ ಇರುತ್ತಿತ್ತು, ಆದರೂ ಒತ್ತನ್ನು ಒಂದು ಸಾಲಿನಲ್ಲಿ, ಅದರ ಅಕ್ಷರವನ್ನು ಇನ್ನೊಂದರಲ್ಲಿ ಕೂರಿಸಿದವನು ಮಧ್ಯಾಹ್ನದೊಳಗೆ ಕೆಲಸ ಕಳೆದುಕೊಳ್ಳುತ್ತಿದ್ದ. ಕಾಪಿ ಪುಸ್ತಕದ ಗೆರೆ ತುಂಬಿದಾಗ ‘ಅಕ್ಕ’ ಎಂಬುದನ್ನು ‘ಅ’ ಇಲ್ಲಿ, ‘ಕ್ಕ’ ಅಲ್ಲಿ ಎಂದು ಬರೆಯಬೇಕು ಎಂಬುದು ಒಂದನೇ ಇಯತ್ತೆಯ ಮಗುವಿಗೂ ಗೊತ್ತು. ಗೊತ್ತಿಲ್ಲದಿರುವುದು ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡಗಳಿಗೆ.

ಅಲ್ಲಿ ನಡೆಯುವುದು ಎಣಿಕೆ. ‘ಸ್ತ್ರೀ’ ಎಂಬುದನ್ನೇ ತೆಗೆದುಕೊಳ್ಳಿ. ನಿಮಗೆ, ನನಗೆ, ಮೇಷ್ಟರಿಗೆ ಅದು ಒಂದು ಅಕ್ಷರ. ಕಂಪ್ಯೂಟರಿನ ಹೊಟ್ಟೆಯಲ್ಲಿ ಅದು ‘ಸ’, ಹಲಂತ, ‘ತ’, ಹಲಂತ, ‘ರ’, ದೀರ್ಘ ಈಕಾರ ಎಂದು ಆರು ಸಂಕೇತಗಳಾಗಿ ಕೂತಿರುತ್ತದೆ. ಪೈಥಾನ್ ಭಾಷೆಯಲ್ಲಿ ಉದ್ದ ಕೇಳಿದರೆ ಆರು ಎನ್ನುತ್ತದೆ. ಡಿಸ್ಕಿನಲ್ಲಿ ಅದು ಹಿಡಿಯುವ ಜಾಗ 18 ಬೈಟ್. 29ನೇ ಅನುಬಂಧದ ಪ್ರಕಾರ, ಅಂದರೆ ಓದುವವನ ಪರವಾಗಿ ಎಂದೇ ಬರೆದ ನಿಯಮದ ಪ್ರಕಾರ, ಅದು ಮೂರು: ‘ಸ್’, ‘ತ್’, ‘ರೀ’. ಒಬ್ಬಳೇ ಸ್ತ್ರೀ, ನಾಲ್ಕು ಲೆಕ್ಕ. ಮತದಾರರ ಪಟ್ಟಿಯಲ್ಲಿಯೂ ಇಷ್ಟು ಗೊಂದಲ ಇರುವುದಿಲ್ಲ. ‘ಕರ್ನಾಟಕ’ ಮೇಲೂ ಕೆಳಗೂ ಹಂಚಿಹೋದದ್ದು ಇದೇ ನಾಲ್ಕನೇ ಲೆಕ್ಕದ ಕೃಪೆಯಿಂದ. ‘ರ್’ ಒಂದು, ‘ನಾ’ ಇನ್ನೊಂದು, ಇಬ್ಬರ ನಡುವೆ ಬೇಲಿ ಹಾಕಬಹುದು ಎಂದು ನಿಯಮವೇ ಹೇಳುತ್ತದೆ. ಹಾಗಾಗಿ ಆ್ಯಪ್ ಬರೆದವರು ತಪ್ಪಿತಸ್ಥರಲ್ಲ. ನಮ್ಮಲ್ಲಿ ಯಾರು ತಾನೇ ತಪ್ಪಿತಸ್ಥರು?

ನಿಯಮ ಓದಿ ತಪ್ಪು ಮಾಡುವವರು ಅಲ್ಪಸಂಖ್ಯಾತರು, ಅವರಿಗೆ ನಮಸ್ಕಾರ. ಬಹುಪಾಲು ಜನ ಅದನ್ನೂ ಓದುವುದಿಲ್ಲ, ಬೈಟ್ ಎಣಿಸುತ್ತಾರೆ. ಯುಟಿಎಫ್-8 ಎಂಬ ಸಂಕೇತ ಪದ್ಧತಿಯನ್ನು ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ 1992ರಲ್ಲಿ ನ್ಯೂಜೆರ್ಸಿಯ ಹೋಟೆಲೊಂದರಲ್ಲಿ ಊಟಕ್ಕೆ ಕೂತಾಗ, ತಟ್ಟೆಯ ಕೆಳಗೆ ಹಾಸುವ ಕಾಗದದ ಮೇಲೆ ಗೀಚಿ ಮುಗಿಸಿದರು. ಅದ್ಭುತ ಕೆಲಸ, ವ್ಯಂಗ್ಯವಿಲ್ಲದೆ ಹೇಳುತ್ತಿದ್ದೇನೆ. ಆ ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್, ಕನ್ನಡದ ಪ್ರತಿ ಸಂಕೇತಕ್ಕೆ ಮೂರು. ಮೂರರ ಮಧ್ಯೆ ಎಲ್ಲಿಯೂ ಕಡಿಯಬಾರದು ಎಂಬುದು ಮೊದಲ ಪಾಠ. ‘ಕನ್ನಡ’ ಎಂದರೆ ಐದು ಸಂಕೇತ, 15 ಬೈಟ್. ಏಳನೇ ಬೈಟಿನಲ್ಲಿ ಕಡಿದರೆ ‘ಕನ’ ಉಳಿಯುತ್ತದೆ, ಅದರ ಪಕ್ಕ ಕರಿ ಹರಳಿನೊಳಗೆ ಕೂತ ಪ್ರಶ್ನಾರ್ಥಕ ಚಿಹ್ನೆ ಬರುತ್ತದೆ. ಆರರಲ್ಲಿ ಕಡಿದರೆ ‘ಕನ’ ಮೇಲೆ, ಕೆಳಗಿನ ಸಾಲಿನ ಮೊದಲಲ್ಲಿ ಒಂದು ಚುಕ್ಕಿವೃತ್ತಕ್ಕೆ ಜೋತುಬಿದ್ದ ‘ನ’ ಒತ್ತು. ಒಂಬತ್ತರಲ್ಲಿ ಕಡಿದರೆ ‘ಕನ್’ ಮತ್ತು ‘ನಡ’. ಮೂರರಲ್ಲೋ ಹನ್ನೆರಡರಲ್ಲೋ ಕಡಿದರೆ ಮಾತ್ರ ಮಾನ ಉಳಿಯುತ್ತದೆ. ಲಾಟರಿಯಲ್ಲೂ ಇದಕ್ಕಿಂತ ಒಳ್ಳೆಯ ಅದೃಷ್ಟ ಇರುತ್ತಿತ್ತೇನೋ.

ಆ ಚುಕ್ಕಿವೃತ್ತದ ಬಗ್ಗೆ ಒಂದು ಮಾತು. ತಾಯಿ ಅಕ್ಷರವಿಲ್ಲದೆ ಗುಣಿತ ಚಿಹ್ನೆಯೋ ಒತ್ತೋ ಒಂಟಿಯಾಗಿ ಸಾಲಿನ ಮೊದಲಿಗೆ ಬಂದರೆ, ಅಕ್ಷರ ಜೋಡಿಸುವ ತಂತ್ರಾಂಶ ಅದಕ್ಕೊಂದು ಚುಕ್ಕಿಗಳ ಉಂಗುರ ಕೊಟ್ಟು ಕೂರಿಸುತ್ತದೆ. ‘ಇಲ್ಲಿ ಯಾರೋ ಇರಬೇಕಿತ್ತು’ ಎಂದು ಅದರರ್ಥ. ನಮ್ಮ ಮನೆಗೆ ಬರುವ ಒಂದು ಬಿಲ್ಲಿನಲ್ಲಿ ಕೃಷ್ಣನ ಹೆಸರಿನ ರಸ್ತೆ ಹೀಗೆ ಅಚ್ಚಾಗುತ್ತದೆ: ಮೇಲಿನ ಸಾಲಿನ ಕೊನೆಗೆ ‘ಕೃಷ’, ಕೆಳಗಿನ ಸಾಲಿನ ಮೊದಲಿಗೆ ಉಂಗುರ, ಅದರ ಕೆಳಗೆ ‘ಣ’ ಒತ್ತು. ಬಿಲ್ಲು ಕೊಡುವ ಹುಡುಗನನ್ನು ಕೇಳಿದೆ. ‘ಅದು ಸರ್ಕಾರದ್ ಸೀಲ್ ಇರ್ಬೇಕು ಸಾರ್’ ಅಂದ. ಕಟ್ಟಬೇಕಾದ ಮೊತ್ತದ ಅಂಕಿ ಮಾತ್ರ ಯಾವತ್ತೂ ಮುರಿದಿಲ್ಲ, ಪೈಸೆ ಸಮೇತ ಒಂದೇ ಸಾಲಿನಲ್ಲಿ ಇರುತ್ತದೆ.

ಇಷ್ಟಕ್ಕೂ ಸಾಲಿಗೆ ಇಷ್ಟೇ ಅಗಲ ಯಾಕೆ ಎಂದು ಕೇಳಿದರೆ ಇತಿಹಾಸ ಬಾಯಿ ಬಿಡುತ್ತದೆ. 1928ರಲ್ಲಿ ಐಬಿಎಂ ತಂದ ರಂಧ್ರದ ಕಾರ್ಡಿನಲ್ಲಿ 80 ಅಂಕಣಗಳಿದ್ದವು. ಕಾರ್ಡು ಹೋಯಿತು, 80 ಉಳಿಯಿತು. ಟರ್ಮಿನಲ್ಲಿಗೆ ಬಂತು, ಅಲ್ಲಿಂದ ಪ್ರೋಗ್ರಾಮರುಗಳ ಮನಸ್ಸಿಗೆ ಬಂತು. ಪ್ರತಿ ಅಕ್ಷರಕ್ಕೂ ಒಂದೇ ಅಳತೆಯ ಗೂಡು, ಸಾಲಿಗೆ 80 ಗೂಡು. ಇಂಗ್ಲಿಷಿನ ‘ಐ’ಗೂ ಅದೇ ಗೂಡು, ನಮ್ಮ ‘ಔ’ಗೂ ಅದೇ. ‘ಔ’ ಅದರೊಳಗೆ ಕೂರಲು ಒಪ್ಪುವುದಿಲ್ಲ, ಪಕ್ಕದವನ ಮೇಲೆ ಕಾಲು ಚಾಚುತ್ತದೆ. ಸಾಲಿನ ಉದ್ದ ತಿಳಿಯಲು ಆ ಫಾಂಟಿನಲ್ಲಿ ಆ ಅಕ್ಷರ ನಿಜಕ್ಕೂ ಎಷ್ಟು ಅಗಲ ಎಂದು ಅಳೆಯಬೇಕು, ತಲೆ ಎಣಿಸಿದರೆ ಸಾಲದು. ಅಗಲ ಸರಿಮಾಡಿದವರೂ ಎತ್ತರದಲ್ಲಿ ಎಡವುತ್ತಾರೆ. ‘ಸ್ತ್ರೀ’ಗೆ ಕೆಳಗೆ ಎರಡು ಒತ್ತುಗಳಿವೆ, ಇಂಗ್ಲಿಷಿಗೆಂದು ಬಿಗಿದ ಸಾಲಿನ ಅಂತರದಲ್ಲಿ ಕೆಳಗಿನ ಒತ್ತು ಗುಂಡಿಯ ಅಂಚಿಗೆ ಸಿಕ್ಕಿ ಅರ್ಧ ಕತ್ತರಿಸಿಹೋಗುತ್ತದೆ. ಜಾಗ ಸಾಲದೆಂದು ಅಕ್ಷರ ಕಡಿಯುವುದು, ಬಾಗಿಲು ಗಿಡ್ಡ ಎಂದು ಬಂದ ನೆಂಟನ ತಲೆ ಕಡಿದಂತೆ.

ಇ-ಮೇಲ್ ರೂಪಿಸಿದವರಿಗೆ ಇದು ಗೊತ್ತಿತ್ತು. ಶೀರ್ಷಿಕೆಯಲ್ಲಿ ಇಂಗ್ಲಿಷೇತರ ಅಕ್ಷರ ಕಳಿಸುವ 1996ರ ನಿಯಮದಲ್ಲಿ, ಪ್ರತಿ ತುಂಡೂ 75 ಅಕ್ಷರಗಳೊಳಗಿರಬೇಕು, ಆದರೆ ಹಲವು ಬೈಟಿನ ಒಂದು ಅಕ್ಷರವನ್ನು ಎರಡು ತುಂಡಿಗೆ ಹಂಚಬಾರದು ಎಂದು ಕಟ್ಟುನಿಟ್ಟಾಗಿ ಬರೆದಿದೆ. ಕಂಪ್ಯೂಟರಿನ ಕ್ಯಾಲೆಂಡರಿಗೆ ಬರೆದ ನಿಯಮವೂ 75ಕ್ಕೇ ಮಡಚಬೇಕೆನ್ನುತ್ತದೆ, ಆದರೆ ಅಲ್ಲಿ ಎಣಿಸುವುದು ಬೈಟ್. ಅಂದರೆ ನಮ್ಮ 25 ಸಂಕೇತ. ಹಳೆಯ ತಂತ್ರಾಂಶಗಳು ಅಕ್ಷರದ ಹೊಟ್ಟೆ ಸೀಳಿ ಮಡಚಿರಬಹುದು, ಆದ್ದರಿಂದ ಮಡಿಕೆ ಬಿಚ್ಚುವಾಗ ಜೋಪಾನ ಎಂದು ಆ ನಿಯಮ ಬರೆದವರೇ ಎಚ್ಚರಿಸಿದ್ದಾರೆ. ಓದಿದವರು ಎಷ್ಟು ಜನ ಎಂಬುದು ನಿಮ್ಮ ಗೃಹಪ್ರವೇಶದ ಆಹ್ವಾನ ಅಮೆರಿಕದಲ್ಲಿರುವ ಭಾವನಿಗೆ ಹೇಗೆ ತಲುಪಿತು ಎಂಬುದರಿಂದ ಗೊತ್ತಾಗುತ್ತದೆ. ಇನ್ನು ಪಿಎಚ್‌ಪಿ ಎಂಬ ಭಾಷೆಯಲ್ಲಿ ಸಾಲು ಮಡಚಲು ಸಿದ್ಧ ಉಪಕರಣವೊಂದಿದೆ. ಅದು ಎಣಿಸುವುದೂ ಬೈಟನ್ನೇ. ಉದ್ದ ಅಳೆಯಲು, ತುಂಡು ತೆಗೆಯಲು ಬಹುಬೈಟಿನ ಅವತಾರಗಳನ್ನು ಆ ಭಾಷೆ ಕೊಟ್ಟಿದೆ, ಮಡಚುವುದಕ್ಕೆ ಮಾತ್ರ ಕೊಟ್ಟಿಲ್ಲ.

ಎಸ್‌ಎಂಎಸ್‌ನಲ್ಲಿ ಲೆಕ್ಕ ಇನ್ನೂ ದುಬಾರಿ. ಇಂಗ್ಲಿಷಿನಲ್ಲಿ ಒಂದು ಸಂದೇಶಕ್ಕೆ 160. ಅದರೊಳಗೆ ಒಂದೇ ಒಂದು ಕನ್ನಡ ಅಕ್ಷರ ಸೇರಿಸಿ, ಸಾಮಾನ್ಯವಾಗಿ ಇಡೀ ಸಂದೇಶದ ಮಿತಿ 70ಕ್ಕೆ ಇಳಿಯುತ್ತದೆ. 70ರಲ್ಲಿ ‘ಸ್ತ್ರೀ’ ಒಬ್ಬಳೇ ಆರು ಸೀಟು ಹಿಡಿಯುತ್ತಾಳೆ. ಕನ್ನಡದಲ್ಲಿ ಸಂದೇಶ ಕಳಿಸಿ ಎಂದರೆ ಕಂಪನಿಗಳು ಮುಖ ಸಿಂಡರಿಸುವುದರ ಹಿಂದಿನ ಭಾಷಾಭಿಮಾನ ಇದು.

ಇಂಥ ಒಂದು ಗಾಜಿನ ಕಟ್ಟಡದಲ್ಲಿ ನನ್ನ ಪರಿಚಯದ ಎಂಜಿನಿಯರ್ ಒಬ್ಬರಿದ್ದಾರೆ. ಅಪ್ಪಟ ಕನ್ನಡಿಗರು, ನವೆಂಬರಿನಲ್ಲಿ ಹಳದಿ-ಕೆಂಪು ಶಾಲು ಹೊದ್ದು ಕ್ಯಾಂಟೀನಿನಲ್ಲಿ ಫೋಟೊ ತೆಗೆಸಿಕೊಳ್ಳುವವರು. ಅವರಿಗೆ ನನ್ನ ಫೋನ್ ತೋರಿಸಿದೆ.

‘ಹೌದು ಸಾರ್, ಗೊತ್ತಿರೋ ವಿಷಯವೇ. ಟಿಕೆಟ್ ಹಾಕಿದ್ದೀವಿ.’

‘ಯಾವಾಗ ಸರಿಹೋಗುತ್ತೆ?’

‘ಬ್ಯಾಕ್‌ಲಾಗ್‌ನಲ್ಲಿದೆ. ಪ್ರಯಾರಿಟಿ ಲೋ. ಇದು ಎಡ್ಜ್ ಕೇಸ್ ಅಲ್ವಾ?’

2011ರ ಜನಗಣತಿಯಲ್ಲಿ ಕನ್ನಡವನ್ನು ತಾಯ್ನುಡಿ ಎಂದು ಬರೆಸಿದವರು 4 ಕೋಟಿ 37 ಲಕ್ಷ. ಅಷ್ಟೂ ಜನ ಒಂದು ಎಡ್ಜ್‌ನಲ್ಲಿ ನಿಂತಿದ್ದೇವೆ, ಹಿಂದಿನಿಂದ ಯಾರೂ ತಳ್ಳದಿದ್ದರೆ ಸಾಕು.

‘ಮತ್ತೆ ಟೆಸ್ಟ್ ಮಾಡೋವಾಗ ಕನ್ನಡ ಹಾಕಲ್ವಾ?’

‘ಹಾಕ್ತೀವಿ ಸಾರ್. “ನಮಸ್ಕಾರ” ಅಂತ ಹಾಕ್ತೀವಿ. ಒಂದೇ ಸಾಲಲ್ಲಿ ಬರುತ್ತೆ, ಪಾಸ್ ಆಗುತ್ತೆ.’

ನಮಸ್ಕಾರ ಎಂದು ಹೇಳಿ ಎದ್ದು ಬಂದೆ. ಬರುವ ಮುಂಚೆ ಅವರ ಕಂಪನಿಯ ಆ್ಯಪಿನಲ್ಲಿ ನೌಕರರ ಪಟ್ಟಿ ಕಣ್ಣಿಗೆ ಬಿತ್ತು. ಫೋಟೊ ಹಾಕದವರಿಗೆ ಹೆಸರಿನ ಮೊದಲಕ್ಷರ ಬರೆದ ಬಣ್ಣದ ಬಿಲ್ಲೆ. ‘ಶ್ರೀನಿವಾಸ’ನಿಗೆ ‘ಶ’. ‘ಕ್ಷಮಾ’ಗೆ ‘ಕ’. ‘ಜ್ಞಾನೇಶ್ವರಿ’ಗೆ ‘ಜ’. ಅಷ್ಟೂ ಜನ ಬೆಂಗಳೂರಿನ ಸಂದರ್ಶನಗಳಲ್ಲಿ ಕೇಳುವ ಅದೇ ಹಳೆಯ ಪ್ರಶ್ನೆಗೆ ಉತ್ತರಿಸಿ ಕೆಲಸ ಗಿಟ್ಟಿಸಿದವರು: ಒಂದು ಪದವನ್ನು ಹಿಂದುಮುಂದು ಮಾಡಿ ತೋರಿಸು. ಕೊಡುವ ಪದ ಯಾವಾಗಲೂ ಇಂಗ್ಲಿಷಿನದು. ಒಮ್ಮೆಯಾದರೂ ‘ರಾಷ್ಟ್ರಪತಿ’ ಕೊಟ್ಟು ತಿರುಗಿಸಲು ಹೇಳಿದ್ದರೆ, ಅರ್ಧ ಐಟಿ ವಲಯ ಇವತ್ತು ಕೃಷಿಗೆ ಮರಳಿರುತ್ತಿತ್ತು. (ರಾಷ್ಟ್ರಪತಿಗಳು ಕ್ಷಮಿಸಬೇಕು, ಸಂಕೇತ ಸಂಕೇತವಾಗಿ ತಿರುಗಿಸಿದರೆ ಕೊನೆಯಲ್ಲಿದ್ದ ಗುಡಿಸು ಮೊದಲಿಗೆ ಬಂದು ಉಂಗುರದ ಮೇಲೆ ಕೂರುತ್ತದೆ.)

ತಂತ್ರಜ್ಞಾನಕ್ಕೆ ಇದು ಕಷ್ಟ ಎಂದಾದರೂ ಹೇಳಿದ್ದರೆ ಸುಮ್ಮನಿರಬಹುದಿತ್ತು. ಅಪ್ಪ, ಅಮ್ಮ, ಮಗಳು, ಮಗ ಇರುವ ಸುಖೀ ಸಂಸಾರದ ಎಮೋಜಿ ನೋಡಿದ್ದೀರಲ್ಲ? ಅದು ಒಂದೇ ಚಿತ್ರವಲ್ಲ. ನಾಲ್ಕು ಚಿತ್ರಗಳನ್ನು ಮೂರು ಅದೃಶ್ಯ ಸಂಕೇತಗಳಿಂದ ಪೋಣಿಸಿದ್ದು, ಒಟ್ಟು ಏಳು ಸಂಕೇತ, 25 ಬೈಟ್. ‘ಸ್ತ್ರೀ’ಗಿಂತ ಹೆಚ್ಚು ಜಟಿಲ. ಆ ಅದೃಶ್ಯ ಸಂಕೇತ ಯಾವುದು ಗೊತ್ತೇ? ಅರಬ್ಬಿ ಮತ್ತು ಭಾರತದ ಲಿಪಿಗಳ ಅನುಕೂಲಕ್ಕೆಂದು ಯುನಿಕೋಡ್‌ಗೆ ಸೇರಿಸಿದ್ದ, ಅಗಲವಿಲ್ಲದ ಜೋಡಣೆಯ ಸಂಕೇತ. ನಾವು ‘ರ‍್ಯಾಂಕ್’ ಎಂದು ಬರೆಯಲು ಬಳಸುತ್ತೇವಲ್ಲ, ಅದೇ. ನಮ್ಮ ‘ರ‍್ಯಾಂಕ್’ನಲ್ಲಿ ಅದು ಕಂಡರೆ ಕೆಲವು ತಂತ್ರಾಂಶಗಳು ಕಸ ಎಂದು ಗುಡಿಸಿ ಹಾಕುತ್ತವೆ, ‘ರ್ಯಾಂಕ್’ ಆಗುತ್ತದೆ, ಅರ್ಕಾವತ್ತು ಬಂದು ಕೂರುತ್ತದೆ. ಎಮೋಜಿಯಲ್ಲಿ ಅದು ಕುಟುಂಬದ ಬಂಧನ, ಮುಟ್ಟುವಂತಿಲ್ಲ.

ಆ ಕುಟುಂಬವನ್ನು ಒಡೆಯಬಾರದು ಎಂಬ ನಿಯಮ 29ನೇ ಅನುಬಂಧಕ್ಕೆ 2016ರಲ್ಲೇ ಬಂತು. ಭಾರತದ ಒತ್ತಕ್ಷರಗಳನ್ನು ಒಡೆಯಬಾರದು ಎಂಬ ನಿಯಮ ಬಂದದ್ದು 2023ರ 15.1ನೇ ಆವೃತ್ತಿಯಲ್ಲಿ. ಕನ್ನಡ ಯುನಿಕೋಡ್‌ನಲ್ಲಿ ಇರುವುದು 1991ರ ಮೊದಲ ಆವೃತ್ತಿಯಿಂದ. ಎಮೋಜಿಗಳು ದೊಡ್ಡ ಪ್ರಮಾಣದಲ್ಲಿ ಒಳಗೆ ಬಂದದ್ದು 2010ರಲ್ಲಿ. ಹತ್ತೊಂಬತ್ತು ವರ್ಷ ತಡವಾಗಿ ಬಂದವರು ಏಳು ವರ್ಷ ಮೊದಲೇ ಊಟ ಮುಗಿಸಿ ಕೈ ತೊಳೆದರು.

ಹೋಗಲಿ, 2023ರಲ್ಲಾದರೂ ಬಂತಲ್ಲ ಎಂದು ಸಮಾಧಾನ ಪಡುವಂತಿಲ್ಲ. ಆ ನಿಯಮ ಆಗ ಅನ್ವಯಿಸಿದ್ದು ಆರು ಲಿಪಿಗಳಿಗೆ: ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ. ಮತ್ತೊಮ್ಮೆ ಓದಿ. ನಮ್ಮ ಹೆಸರು ಸಿಗುವುದಿಲ್ಲ. ಒಂದೇ ಹಳೆಗನ್ನಡ-ತೆಲುಗು ಲಿಪಿಯಿಂದ ಕವಲೊಡೆದ ತೆಲುಗಿನಲ್ಲಿ ‘ಸ್ತ್ರೀ’ ಈಗ ಒಂದು ಅಕ್ಷರ. ತುಂಗಭದ್ರೆ ದಾಟಿ ಈಚೆ ಬಂದರೆ ಮೂರು. ನದಿ ನೀರಿನ ಹಂಚಿಕೆಯಲ್ಲಿ ಅನ್ಯಾಯವಾದರೆ ಎದ್ದು ನಿಲ್ಲುವ ನಾವು ಅಕ್ಷರ ಹಂಚಿಕೆಯ ಸುದ್ದಿಯನ್ನೇ ಕೇಳಿಲ್ಲ.

ತೆಲುಗಿನವರಿಗೆ ಗಮನ ಹೇಗೆ ಸಿಕ್ಕಿತೆಂದು ನನಗೊಂದು ಕಿಡಿಗೇಡಿ ಅನುಮಾನವಿದೆ. 2018ರ ಫೆಬ್ರುವರಿಯಲ್ಲಿ ತೆಲುಗಿನ ಒಂದು ‘ಜ್ಞಾ’ ಸಂದೇಶವಾಗಿ ಬಂದರೆ ಸಾಕು, ಐಫೋನಿನ ಆ್ಯಪುಗಳು ಕುಸಿದು ಬೀಳುತ್ತಿದ್ದವು. ಜಗತ್ತಿನ ಅತಿ ದುಬಾರಿ ಫೋನು ಜ್ಞಾನದ ಮೊದಲಕ್ಷರ ತಾಳಲಾರದೆ ಮೂರ್ಛೆ ಹೋಯಿತು. ಅದೇ ತಿಂಗಳು ಆಪಲ್ ತರಾತುರಿಯಲ್ಲಿ ದುರಸ್ತಿ ಕಳಿಸಿತು. ಕನ್ನಡದ ‘ಜ್ಞಾ’ ಯಾರ ಫೋನನ್ನೂ ಕೆಡವಲಿಲ್ಲ. ನಮ್ಮ ಸಜ್ಜನಿಕೆ ನಮಗೇ ಮುಳುವಾಯಿತು.

ನಾವೇನು ಕಡಿಮೆಯವರಲ್ಲ, ಬೇರೆ ಕಡೆ ಬಿಜಿಯಾಗಿದ್ದೇವೆ. ಅಂಗಡಿ ಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂದು 2024ರಲ್ಲಿ ಕಾನೂನೇ ಆಯಿತು, ಒಳ್ಳೆಯದಾಯಿತು. ಟೇಪು ಹಿಡಿದು ಅಳೆಯುವವರಿದ್ದಾರೆ. ಅದೇ ಫಲಕದಲ್ಲಿ ಒತ್ತೊಂದು ಕಳಚಿ ಪಕ್ಕದ ಅಕ್ಷರದ ಕೆಳಗೆ ಮಲಗಿದ್ದರೆ ಅದನ್ನು ಅಳೆಯುವ ಟೇಪು ಇಲ್ಲ, ಉಲ್ಟಾ ಅದು ಹಿಡಿದ ಜಾಗವೂ ಶೇ 60ಕ್ಕೆ ಜಮೆ. ರಾಜ್ಯೋತ್ಸವದ ಫ್ಲೆಕ್ಸುಗಳಲ್ಲಿ ನಾಯಕರ ಮುಖ ಎಷ್ಟು ದೊಡ್ಡದೋ ಅಕ್ಷರ ಅಷ್ಟು ಅನಾಥ. ಕನ್ನಡ ಟೈಪು ಮಾಡಲಾಗದ ಕಾಲದಲ್ಲಿ ಕೆ.ಪಿ. ರಾವ್ ಅವರಂಥವರು ಕೂತು ಕೀಲಿಮಣೆ ರೂಪಿಸಿದರು, ಬರಹ, ನುಡಿ ಬಂದವು. ಅಕ್ಷರ ಒಳಗೆ ಹೋಗುವ ದಾರಿಯನ್ನು ಅವರು ಸರಿಮಾಡಿಕೊಟ್ಟರು. ಹೊರಗೆ ಬರುವಾಗ ಕೈಕಾಲು ಮುರಿಯದಂತೆ ನೋಡಿಕೊಳ್ಳುವುದು ನಮ್ಮ ಪಾಲಿಗೆ ಉಳಿದಿತ್ತು, ಆ ಹೊತ್ತಿಗೆ ನಾವು ಭಾಷಣಕ್ಕೆ ಹೋಗಿದ್ದೆವು. ಪದವನ್ನು ಸಾಲಿನ ಕೊನೆಯಲ್ಲಿ ಎಲ್ಲಿ ಮುರಿಯಬಹುದು ಎಂಬ ಕನ್ನಡದ ನಮೂನೆಗಳು ಟೆಕ್ ಎಂಬ ಪುಸ್ತಕ ವಿನ್ಯಾಸದ ತಂತ್ರಾಂಶಕ್ಕೆ ಬೇಕಾಗಿದ್ದವು. ಅವನ್ನು ಬರೆದುಕೊಟ್ಟವರು ಸಂತೋಷ್ ತೋಟ್ಟಿಂಗಲ್, ಮಲಯಾಳಿ. ಉಚಿತವಾಗಿ ಕೊಟ್ಟರು. ಅವರಿಗೆ ನಾವು ಒಂದು ಶಾಲನ್ನೂ ಹೊದೆಸಿದಂತಿಲ್ಲ.

ಈಗ ಪರಿಹಾರ. ಕೇಳಿದರೆ ನಗು ಬರುತ್ತದೆ. ಹಲಂತದ ಮುಂದೆ ವ್ಯಂಜನ ಬಂದರೆ ಆ ಎರಡರ ನಡುವೆ ಮುರಿಯಬೇಡ. ಅಷ್ಟೇ. ‘ಸಾಫ್ಟ್‌ವೇರ್’ನಲ್ಲಿ ಇರುವಂತೆ ಅಕ್ಷರಗಳನ್ನು ಬೇರೆಯಾಗಿಸುವ ಅದೃಶ್ಯ ಸಂಕೇತ ನಡುವೆ ಕೂತಿದ್ದರೆ ಅದಕ್ಕೊಂದು ವಿನಾಯಿತಿ. ಉಳಿದ ಎಲ್ಲೆಗಳನ್ನು ಗುರುತಿಸಲು ಐಸಿಯು ಎಂಬ ತಂತ್ರಾಂಶ ಸಂಗ್ರಹ ಪುಕ್ಕಟೆ ಸಿಗುತ್ತದೆ, ಬ್ರೌಸರುಗಳಲ್ಲಿ ಆ ಸೌಲಭ್ಯ ಒಳಗೇ ಇದೆ. ಒಂದು ಸಾಲಿನ ಕೋಡು ಬರೆಯಲು ಬೇಕಾಗುವ ಹೊತ್ತು ಸಿಲ್ಕ್ ಬೋರ್ಡಿನ ಸಿಗ್ನಲ್ಲಿನಲ್ಲಿ ಕಾಯುವ ಹೊತ್ತಿಗಿಂತ ಕಡಿಮೆ.

ಕೋಡು ಬರೆಯುವ ಕನ್ನಡಿಗರೇ, ನಿಮ್ಮ ಪರೀಕ್ಷೆಯ ಪಟ್ಟಿಯಿಂದ ‘ನಮಸ್ಕಾರ’ ತೆಗೆಯಬೇಡಿ, ಅದರ ಪಕ್ಕ ‘ಸ್ತ್ರೀ’, ‘ರಾಷ್ಟ್ರಪತಿ’, ‘ರ‍್ಯಾಂಕ್’ ಸೇರಿಸಿ, ಪರದೆಯನ್ನು ನಾಲ್ಕು ಬೆರಳಿನಷ್ಟು ಕಿರಿದು ಮಾಡಿ ನೋಡಿ. ಕೋಡು ಬರೆಯದ ಕನ್ನಡಿಗರೇ, ಮುರಿದ ಅಕ್ಷರ ಕಂಡಾಗ ವಾಟ್ಸ್ಆ್ಯಪಿನಲ್ಲಿ ನಕ್ಕು ಮುಗಿಸಬೇಡಿ. ಸ್ಕ್ರೀನ್‌ಶಾಟ್ ತೆಗೆದು, ಯಾವ ಫೋನು, ಯಾವ ಆ್ಯಪು, ಎಷ್ಟನೇ ಆವೃತ್ತಿ ಎಂದು ಬರೆದು ಮಾಡಿದವರಿಗೇ ಕಳಿಸಿ. ನಮ್ಮ ಹೆಸರಿಲ್ಲದ ಆ ಲಿಪಿಗಳ ಪಟ್ಟಿಯ ಬಗ್ಗೆ ಯುನಿಕೋಡ್ ಕನ್ಸಾರ್ಷಿಯಂಗೆ ಯಾರು ಬೇಕಾದರೂ ಬರೆಯಬಹುದು. ಅದಕ್ಕೆ ಶುಲ್ಕವಿಲ್ಲ, ಶಾಸಕರ ಶಿಫಾರಸು ಪತ್ರವೂ ಬೇಕಾಗಿಲ್ಲ.